ಪುಟ್ಟನ ಎಸ್‌ಎಸ್‌ಐ ಹಣವೂ ಮನೆ ಬಾಡಿಗೆಯ ಲೆಕ್ಕವೂ

ಎಡಿಸನ್, ನ್ಯೂಜೆರ್ಸಿ
8 ಮಾರ್ಚ್ 2026

ಅಣ್ಣ ಅತ್ತಿಗೆಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಫೋನಿನಲ್ಲಿ ಕೇಳಿದ್ದು ಮೂರು ಮಾತು. ನಿನ್ನ ಮೊಮ್ಮಗ ಪುಟ್ಟನಿಗೆ ಇಲ್ಲಿ ಬರುವ ಎಸ್‌ಎಸ್‌ಐ ಹಣದಲ್ಲಿ ಮುನ್ನೂರು ಚಿಲ್ಲರೆ ಡಾಲರು ಯಾಕೆ ಮುರಿದುಕೊಂಡರು, ನೀವು ಅಲ್ಲಿಂದ ಏನಾದರೂ ಕಳಿಸಬಹುದೇ, ಅಡಿಕೆ ಕೊಯ್ಲಿನ ಹೊತ್ತಿಗೆ ಅವನನ್ನು ಮೂರು ತಿಂಗಳು ಊರಿಗೆ ಕರೆಸಿಕೊಳ್ಳಬಹುದೇ. ಫೋನಿನಲ್ಲಿ ಹೇಳಿದ ಲೆಕ್ಕ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗಳಿಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಎಸ್‌ಎಸ್‌ಐ (ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್) ಅಂದರೆ ಅಂಗವಿಕಲರು, ಕಣ್ಣು ಕಾಣದವರು, 65 ತುಂಬಿದವರು, ಇವರಲ್ಲಿ ಆದಾಯ ಆಸ್ತಿ ಇಲ್ಲದವರಿಗೆ ಇಲ್ಲಿನ ಕೇಂದ್ರ ಸರ್ಕಾರ ಕೊಡುವ ಹಣ. ಈ ವರ್ಷ ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 994 ಡಾಲರು. ನಮ್ಮ ಊರ ಕಡೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅಂಗವಿಕಲತೆ ಶೇಕಡಾ 40 ಇದೆಯೋ 75 ಇದೆಯೋ ನೋಡುತ್ತಾರೆ, ಮನೆಯ ಆದಾಯ ನೋಡುತ್ತಾರೆ, ಪಿಂಚಣಿ ಮಂಜೂರು ಮಾಡುತ್ತಾರೆ. ಇಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಯಾರ ಸೂರಿನಡಿ ಇದ್ದಾನೆ, ಆ ಸೂರಿನ ಖರ್ಚು ಯಾರು ಕೊಡುತ್ತಾರೆ ಎಂದೂ ಕೇಳುತ್ತಾರೆ. ಬೇರೆಯವರು ಬಿಟ್ಟಿಯಾಗಿ ಕೊಟ್ಟ ಸೂರು ಇವರ ಕಣ್ಣಿಗೆ ಆದಾಯ. ಆ ಬೇರೆಯವರು ಹೆತ್ತವರೇ ಆದರೂ ಅಷ್ಟೇ.

ಹದಿನೆಂಟು ತುಂಬುವ ತನಕ ಅಪ್ಪ ಅಮ್ಮನ ಸಂಬಳದಲ್ಲೇ ಒಂದು ಪಾಲನ್ನು ಮಗನ ಆದಾಯ ಅಂತ ಹಿಡಿಯುತ್ತಾರೆ, ಅದಕ್ಕೇ ಪುಟ್ಟನಿಗೆ ಆಗ ಏನೂ ಸಿಗಲಿಲ್ಲ. ಹದಿನೆಂಟು ತುಂಬಿದ ಮರುತಿಂಗಳಿಂದ ಅವರ ಸಂಬಳ ಲೆಕ್ಕದಿಂದ ಹೊರಗೆ. ಅರ್ಜಿ ಹಾಕಿದರು, ಅವನ ಆಟಿಸಂ ದಾಖಲೆಗಳೆಲ್ಲ ಸರಿಯಿದ್ದವು, ಒಪ್ಪಿದರು. ಕೊನೆಗೆ ಎಸ್‌ಎಸ್‌ಐ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಆಫೀಸಿನವರು ಒಂದೇ ಒಂದು ಪ್ರಶ್ನೆ ಕೇಳಿದ್ದಾರೆ: ಇವನು ಬಾಡಿಗೆ ಕೊಡುತ್ತಾನಾ? "ನಮ್ಮ ಮಗನ ಹತ್ತಿರ ಬಾಡಿಗೆ ತಗೊಳ್ಳೋದೇ?" ಅಂದಿದ್ದಾಳೆ ನಿನ್ನ ಮಗಳು. ಆ ಮಾತಿಗೆ ಮೂರರಲ್ಲಿ ಒಂದು ಪಾಲು ಹೋಯಿತು. ಇನ್ನೊಬ್ಬರ ಮನೆಯಲ್ಲಿ ಇಡೀ ತಿಂಗಳು ಇದ್ದು, ಇರುವ ಜಾಗವೂ ಎಲ್ಲ ಹೊತ್ತಿನ ಊಟವೂ ಆ ಮನೆಯವರಿಂದಲೇ ಆದರೆ 994ರ ಮೂರನೇ ಒಂದು, ಅಂದರೆ 331 ಡಾಲರು 33 ಸೆಂಟು ಕಡಿತ. ಕೈಗೆ 662.67. ಯಾರ ತಪ್ಪೂ ಅಲ್ಲ, ನಿಯಮವೇ ಹಾಗಿದೆ. ಆದರೆ ವರ್ಷಕ್ಕೆ ಸುಮಾರು 3976 ಡಾಲರು ಆಯಿತಲ್ಲ.

ಇದನ್ನು ಸರಿಮಾಡಲು ಎರಡು ದಾರಿ ಇವೆ.

ಒಂದು, ಪಾಲು ಕೊಡುವುದು. ಮನೆ ಸಾಲದ ಕಂತು ಅಥವಾ ಬಾಡಿಗೆ, ಆಸ್ತಿ ತೆರಿಗೆ, ಗ್ಯಾಸು, ಕರೆಂಟು, ನೀರು, ಒಳಚರಂಡಿ, ಕಸ, ಇವುಗಳ ತಿಂಗಳ ಸರಾಸರಿ ತೆಗೆದು ಮನೆಯಲ್ಲಿರುವ ತಲೆಗಳಿಂದ ಭಾಗಿಸುತ್ತಾರೆ. ಕೂಸೂ ಒಂದು ತಲೆಯೇ. ಫೋನು, ಇಂಟರ್ನೆಟ್ಟು, ಟಿವಿ ಇದರಲ್ಲಿ ಸೇರುವುದಿಲ್ಲ. ಒಟ್ಟು 2800 ಆಗಿ ಮನೆಯಲ್ಲಿ ನಾಲ್ಕು ಜನ ಇದ್ದರೆ ಪಾಲು 700. ಅಷ್ಟನ್ನು ಅವನ ಹಣದಿಂದ ಕೊಟ್ಟರೆ ಕಡಿತ ಇಲ್ಲ. ನ್ಯೂಜೆರ್ಸಿಯಂಥ ಕಡೆ ಪಾಲೇ ಇಷ್ಟು ದೊಡ್ಡದಾದರೆ ಅವನ ಕೈಯಲ್ಲಿ 294 ಉಳಿಯುತ್ತದೆ, ಅಷ್ಟೇ.

ಇನ್ನೊಂದು, ಬಾಡಿಗೆ ಕರಾರು. ನನ್ನನ್ನು ಕೇಳಿದರೆ ಇವರಿಗೆ ಇದೇ ಸರಿ. ಮೊದಲು ಕನೆಕ್ಟಿಕಟ್, ಇಲಿನಾಯ್, ಇಂಡಿಯಾನಾ, ನ್ಯೂಯಾರ್ಕ್, ಟೆಕ್ಸಸ್, ವರ್ಮಾಂಟ್, ವಿಸ್ಕಾನ್ಸಿನ್, ಈ ಏಳು ರಾಜ್ಯಗಳಲ್ಲಿ ಮಾತ್ರ ಇದ್ದ ಸಡಿಲಿಕೆಯನ್ನು 2024ರ ಸೆಪ್ಟೆಂಬರ್ 30ರಿಂದ ದೇಶಕ್ಕೆಲ್ಲ ಹಾಕಿದರು. ಮಾರುಕಟ್ಟೆ ಬಾಡಿಗೆ ಎಷ್ಟೇ ಇರಲಿ, ಕರಾರಿನ ಬಾಡಿಗೆ ಒಂದು ಗೊತ್ತಾದ ಮೊತ್ತ ಮುಟ್ಟಿದರೆ ಅದನ್ನು ವ್ಯವಹಾರ ಅಂತ ಒಪ್ಪುತ್ತಾರೆ. ಈ ವರ್ಷ ಆ ಮೊತ್ತ 351.33, ಹೋದ ವರ್ಷ 342.33 ಇತ್ತು. ಪ್ರತಿ ಜನವರಿಯಲ್ಲಿ ಏರುವುದರಿಂದ ಚಿಲ್ಲರೆಗೆ ಅಂಟಿಕೊಳ್ಳದೆ 400 ಅಂತ ಬರೆದುಬಿಡಲಿ. 994 ಪೂರ್ತಿ ಬಂದು 400 ಬಾಡಿಗೆಗೆ ಹೋದರೆ 594 ಉಳಿಯಿತು.

ಕರಾರು ಒಂದೇ ಹಾಳೆ ಸಾಕು: ಕೋಣೆ ಯಾವುದು, ಬಾಡಿಗೆ ಎಷ್ಟು, ಯಾವ ತಾರೀಖಿನಿಂದ, ತಿಂಗಳ ಎಷ್ಟನೇ ದಿನ. ಮಾಲೀಕನ ಜಾಗದಲ್ಲಿ ಅಳಿಯಂದಿರ ಸಹಿ ಇರಲಿ, ಪುಟ್ಟನ ಪರವಾಗಿ ಹಣ ನೋಡಿಕೊಳ್ಳುವವಳು ಅಂತ ನಿನ್ನ ಮಗಳ ಸಹಿ. ಎರಡೂ ಕಡೆ ಒಬ್ಬರೇ ಸಹಿ ಹಾಕಿದರೆ ಪ್ರಶ್ನೆ ಏಳುತ್ತದೆ. ಕಾಗದ ಒಂದೇ ಇದ್ದರೆ ಸಾಲದು, ಹಣ ನಿಜವಾಗಿ ಕೈ ಬದಲಿಸಬೇಕು. ಎಸ್‌ಎಸ್‌ಐ ಒಂದನೇ ತಾರೀಖು ಅವನ ಹೆಸರಿನ ಖಾತೆಗೆ ಬೀಳುತ್ತದೆ, ಅದೇ ವಾರ ಆ ಖಾತೆಯಿಂದ ಚೆಕ್ಕು ಬರೆದು ಕೆಳಗಿನ ಗೆರೆಯ ಮೇಲೆ "ಏಪ್ರಿಲ್ ಬಾಡಿಗೆ" ಅಂತ ನಮೂದಿಸಬೇಕು. ನಗದು ಕೊಟ್ಟು ಸುಮ್ಮನಾದರೆ ಆರು ತಿಂಗಳ ಮೇಲೆ ತೋರಿಸಲು ಏನೂ ಇರುವುದಿಲ್ಲ. ಅಳಿಯಂದಿರು ತೆರಿಗೆ ಲೆಕ್ಕದಲ್ಲಿ ಈ ಬಾಡಿಗೆ ತೋರಿಸಬೇಕಾಗುತ್ತದೆ, ಅದನ್ನೂ ಮರೆಯಬಾರದು.

ಈಗ ನೀವು ಕಳಿಸುವ ಹಣ. ಪುಟ್ಟನ ಕೈಗೋ ಅವನ ಖಾತೆಗೋ ನೇರವಾಗಿ ಹಾಕಬೇಡಿ. ತಿಂಗಳಿಗೆ ಮೊದಲ 20 ಡಾಲರು ಬಿಡುತ್ತಾರೆ, ಆಮೇಲಿನದು ಡಾಲರಿಗೆ ಡಾಲರು ಕಡಿತ. ಅಂದರೆ ನೀನು ಕಷ್ಟಪಟ್ಟು 300 ಕಳಿಸಿದರೆ ಸರ್ಕಾರ 280 ಉಳಿಸಿಕೊಳ್ಳುತ್ತದೆ. ಅವನ ಕರೆಂಟು ಬಿಲ್ಲನ್ನು ನೀನು ನೇರವಾಗಿ ಕಟ್ಟಿದರೂ ಅದು ಸೂರಿನ ಲೆಕ್ಕಕ್ಕೆ ಬರುತ್ತದೆ. ಫೋನ್ ಬಿಲ್ಲು ಕಟ್ಟಿದರೆ ಬರುವುದಿಲ್ಲ. ಊಟದ ಸಾಮಾನನ್ನು ಮೊದಲು ಹಿಡಿಯುತ್ತಿದ್ದರು, ಅದೇ 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. ಹಾಗಾಗಿ ಅತ್ತಿಗೆ ಹಲಸಿನ ಹಪ್ಪಳವನ್ನೂ ಅಪ್ಪೆಮಿಡಿಯನ್ನೂ ಧಾರಾಳವಾಗಿ ಕಳಿಸಬಹುದು, ಅಮೆರಿಕ ಸರ್ಕಾರಕ್ಕೆ ಅದರ ಲೆಕ್ಕ ಬೇಡ. ಆದರೆ ಅಡಿಗೆ ಸಾಮಾನಿಗೆಂದು ಪುಟ್ಟನ ಕೈಗೆ ನಗದು ಕೊಟ್ಟರೆ ಅದು ನಗದೇ.

ಹಣವೇ ಕಳಿಸಬೇಕೆಂದಿದ್ದರೆ ಏಬಲ್ ಖಾತೆ ಅಂತ ಒಂದಿದೆ. ಅಂಗವಿಕಲರಾದವರ ಹೆಸರಿನಲ್ಲೇ ತೆರೆಯುವ ಉಳಿತಾಯ ಅದು, ಒಬ್ಬರಿಗೆ ಒಂದೇ. 26 ವರ್ಷಕ್ಕೆ ಮೊದಲೇ ಅಂಗವಿಕಲತೆ ಬಂದಿರಬೇಕು ಅಂತ ಇದ್ದದ್ದನ್ನು ಈ ಜನವರಿಯಿಂದ 46ಕ್ಕೆ ಏರಿಸಿದ್ದಾರೆ. ಪುಟ್ಟನಿಗೆ ಹೇಗೂ ತೊಂದರೆ ಇಲ್ಲ. ಯಾರು ಬೇಕಾದರೂ ಅದಕ್ಕೆ ಹಣ ಹಾಕಬಹುದು, ಅದು ಅವನ ಆದಾಯವಲ್ಲ, ಒಂದು ಲಕ್ಷ ಡಾಲರಿನ ತನಕ ಆಸ್ತಿಯೂ ಅಲ್ಲ. ನೀನು ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿ ಮಗಳ ಖಾತೆಗೆ ಕಳಿಸು, ಅವಳು ತನ್ನ ಖಾತೆಯಿಂದ ಏಬಲ್‌ಗೆ ಹಾಕಲಿ. ನಡುವೆ ಪುಟ್ಟನ ಮಾಮೂಲು ಖಾತೆಗೆ ಒಂದು ದಿನವೂ ಹೋಗಬಾರದು. ಏಬಲ್‌ನಿಂದ ಅವನೇ ಬಾಡಿಗೆ ಕಟ್ಟಿದರೆ ಅವನ ದುಡ್ಡಿನಿಂದಲೇ ಕಟ್ಟಿದ ಹಾಗೆ. ಬಾಡಿಗೆಗೆ ತೆಗೆದದ್ದನ್ನು ಆ ತಿಂಗಳೊಳಗೇ ಖರ್ಚು ಮಾಡಬೇಕು, ಮುಂದಿನ ತಿಂಗಳಿಗೆ ಉಳಿದರೆ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ.

ಆಸ್ತಿ ಅಂದೆನಲ್ಲ, ಅದರ ಮಿತಿ 2000 ಡಾಲರು. ಪ್ರೀತಿಗೆಂದು ಮೊಮ್ಮಗನ ಹೆಸರಿನಲ್ಲಿ ಠೇವಣಿ ಇಟ್ಟಿದ್ದರೆ ಈಗಲೇ ಹೇಳಿ. ಮೇಲಿನ ತೋಟದ ಪಹಣಿಗೆ ಅವನ ಹೆಸರು ಸೇರಿಸುವ ಯೋಚನೆ ಇದ್ದರೆ ಬಿಡಿ, ಉಯಿಲಿನಲ್ಲೂ ನೇರವಾಗಿ ಅವನಿಗೆ ಬರೆಯಬೇಡಿ. ಬರೆಯಲೇಬೇಕೆಂದರೆ ಇಲ್ಲಿ ವಕೀಲರು ಮಾಡಿಕೊಡುವ ಸ್ಪೆಷಲ್ ನೀಡ್ಸ್ ಟ್ರಸ್ಟಿಗೆ, ಅಂದರೆ ಅಂಗವಿಕಲರಿಗಾಗಿ ಬೇರೆಯವರು ಆಸ್ತಿ ನೋಡಿಕೊಳ್ಳುವ ಟ್ರಸ್ಟಿಗೆ, ಬರೆಯಬೇಕು.

ಊರಿಗೆ ಬರುವ ಮಾತು. ಇದರಲ್ಲಿ ನಿನಗೆ ಬೇಸರವಾಗುತ್ತದೆ, ಗೊತ್ತು. ಸತತ 30 ದಿನ ಅಮೆರಿಕದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ಮರಳಿ ಬಂದ ಕೂಡಲೇ ಶುರುವಾಗುವುದೂ ಇಲ್ಲ, ಇಲ್ಲಿ ಸತತ 30 ದಿನ ಇದ್ದು ತೋರಿಸಬೇಕು. ನವೆಂಬರ್ 3ಕ್ಕೆ ಹೊರಟು ಫೆಬ್ರವರಿ 3ಕ್ಕೆ ಬಂದರೆ ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ಹೋಗಿ ಮಾರ್ಚಿನ ಮೊದಲ ದಿನಗಳೂ ಹೋಗುತ್ತವೆ. ಹಣ ಹೋದರೆ ಹೋಗಲಿ ಅನ್ನಬಹುದು, ಆದರೆ ಅವನ ಮೆಡಿಕೇಯ್ಡ್, ಅಂದರೆ ಸರ್ಕಾರದ ವೈದ್ಯಕೀಯ ವಿಮೆ, ಎಸ್‌ಎಸ್‌ಐಗೇ ಗಂಟು ಹಾಕಿಕೊಂಡಿದೆ. ಥೆರಪಿ, ಔಷಧಿ ಎಲ್ಲ ಅದರಲ್ಲೇ ನಡೆಯುವುದು. ನಿಂತದ್ದು ಹನ್ನೆರಡು ತಿಂಗಳು ಹಾಗೇ ಉಳಿದರೆ ಮತ್ತೆ ಮೊದಲಿನಿಂದ ಅರ್ಜಿ.

ಇನ್ನೊಂದು ಸೂಕ್ಷ್ಮವಿದೆ. ಪೂರ್ತಿ ಒಂದು ಕ್ಯಾಲೆಂಡರ್ ತಿಂಗಳು ಹೊರಗಿದ್ದರೂ ಆ ತಿಂಗಳದ್ದು ಇಲ್ಲ. ಫೆಬ್ರವರಿಗೆ 28 ದಿನ. ಜನವರಿ 31ಕ್ಕೆ ಹೊರಟು ಮಾರ್ಚ್ 1ಕ್ಕೆ ಬಂದವರು 30 ದಿನ ಆಗಲಿಲ್ಲವಲ್ಲ ಅಂದುಕೊಂಡಿರುತ್ತಾರೆ, ಫೆಬ್ರವರಿಯ ಹಣ ಹೋಗಿರುತ್ತದೆ.

ಆಸ್ಪತ್ರೆ ಮತ್ತು ಮದುವೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಪೂರ್ತಿ ತಿಂಗಳು ಆಸ್ಪತ್ರೆಯಲ್ಲೋ ನರ್ಸಿಂಗ್ ಹೋಮಿನಲ್ಲೋ ಇದ್ದು ಅರ್ಧಕ್ಕಿಂತ ಹೆಚ್ಚು ಖರ್ಚನ್ನು ಮೆಡಿಕೇಯ್ಡ್ ಕೊಟ್ಟರೆ ಕೇಂದ್ರದ ಹಣ 30 ಡಾಲರಿಗೆ ಇಳಿಯುತ್ತದೆ. ಮೂರು ತಿಂಗಳೊಳಗೆ ಬಿಡುಗಡೆ ಅಂತ ವೈದ್ಯರು ಬರೆದುಕೊಟ್ಟು, ಇತ್ತ ಮನೆ ಉಳಿಸಿಕೊಳ್ಳಲು ಹಣ ಬೇಕು ಅಂತ ತೋರಿಸಿದರೆ ಪೂರ್ತಿ ಬರುತ್ತದೆ. ಎರಡೂ ಕಾಗದ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನದೊಳಗೆ, ಅದು 90 ದಿನ ದಾಟಿದರೆ 90ರೊಳಗೆ, ಆಫೀಸಿಗೆ ಮುಟ್ಟಿರಬೇಕು. ಎಸ್‌ಎಸ್‌ಐ ಪಡೆಯುವ ಇಬ್ಬರು ಮದುವೆಯಾದರೆ ಇಬ್ಬರಿಗೂ ಸೇರಿ 1491, ಬೇರೆ ಬೇರೆ ಇದ್ದಿದ್ದರೆ 1988. ಇದು ಅನ್ಯಾಯವೇ, ಆದರೆ ಸದ್ಯಕ್ಕೆ ಹಾಗಿದೆ.

ಮನೆ ಬದಲಾಯಿತು, ಒಬ್ಬರು ಬಂದರು ಹೋದರು, ಬಾಡಿಗೆ ಏರಿತು, ಏನೇ ಆದರೂ ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ತಿಳಿಸಬೇಕು. ನೀವಿಬ್ಬರೂ ಬಂದು ಆರು ತಿಂಗಳು ಇದ್ದರೂ ಅದು ತಿಳಿಸಬೇಕಾದ ಸಂಗತಿಯೇ. ಹೇಳದೆ ಬಿಟ್ಟರೆ ಎರಡು ವರ್ಷದ ಮೇಲೆ "ಹೆಚ್ಚು ಕೊಟ್ಟಿದ್ದೇವೆ, ವಾಪಸು ಕೊಡಿ" ಅಂತ ಪತ್ರ ಬರುತ್ತದೆ. ಅಂಥ ಪತ್ರವಾಗಲಿ ಕಡಿತದ ಪತ್ರವಾಗಲಿ ಬಂದರೆ ಮೇಲ್ಮನವಿಗೆ 60 ದಿನ ಇದೆ. ಆದರೆ ಕಡಿತವನ್ನು ತಡೆಹಿಡಿದು ಹಳೆಯ ಮೊತ್ತವೇ ಬರುತ್ತಿರಬೇಕೆಂದರೆ ಹತ್ತು ದಿನದೊಳಗೆ ಕೊಡಬೇಕು. ಹಾಗಾಗಿ ಲಕೋಟೆಯನ್ನು ಎಸೆಯಬಾರದು, ಪತ್ರ ಸಿಕ್ಕಿದ ದಿನವನ್ನು ಅದರ ಮೇಲೇ ಬರೆದಿಡಬೇಕು.

ಟಿಕೆಟ್ಟಿಗೆ ನವೆಂಬರ್ 3ರಿಂದ 28ರ ತನಕ ನೋಡಲು ಅಳಿಯಂದಿರಿಗೆ ಹೇಳಿದ್ದೇನೆ. ವಿಮಾನ ತಪ್ಪಿದರೆ, ಜ್ವರ ಬಂದರೆ ಅಂತ ನಾಲ್ಕೈದು ದಿನ ಕೈಯಲ್ಲಿಟ್ಟುಕೊಂಡ ಲೆಕ್ಕ ಅದು. ಕೊಯ್ಲು ಆಗ ಶುರುವಾಗಿರುತ್ತದೆಯೇ, ನೋಡಿ ತಿಳಿಸು.

ನಿನ್ನ ತಮ್ಮ