ಟಯರಿನಲ್ಲಿ ಮಾತ್ರ ಉಳಿತಾಯ ಬೇಡ ಅಣ್ಣ

ಲೊಸಾನ್, ಸ್ವಿಟ್ಜರ್ಲೆಂಡ್
ನವೆಂಬರ್ 9, 2025

ಪ್ರೀತಿಯ ಅಣ್ಣ, ಅತ್ತಿಗೆ,

ನಾನು ಇಲ್ಲಿ ಕ್ಷೇಮ. ಅಮ್ಮನ ಕಾಲುಗಂಟು ನೋವು ಈಗ ಹೇಗಿದೆ? ಅತ್ತಿಗೆ ಕಳಿಸಿದ ಹಪ್ಪಳ, ತೆಂಗಿನೆಣ್ಣೆ ಎರಡೂ ಬಂದು ಮುಟ್ಟಿದವು. ತೆಂಗಿನೆಣ್ಣೆಯ ಬಗ್ಗೆ ಮುಂದೆ ಹೇಳುತ್ತೇನೆ, ಅದಕ್ಕೂ ಈ ಪತ್ರಕ್ಕೂ ಸಂಬಂಧ ಉಂಟು.

ಶಿರೂರು ಮಠದ ಪರ್ಯಾಯ ನೋಡಿಯೇ ಹೊರಡುವುದು ಎಂದು ಅಮ್ಮ ಪಟ್ಟು ಹಿಡಿದದ್ದು ಒಳ್ಳೆಯದೇ ಆಯಿತು. ಜನವರಿ 18ಕ್ಕೆ ಪರ್ಯಾಯ, 22ಕ್ಕೆ ಬಜ್ಪೆಯಿಂದ ವಿಮಾನ. ಆ ಹೊತ್ತಿಗೆ ಇಲ್ಲಿ ಹೊಸ ವರ್ಷದ ಗಲಾಟೆ ಮುಗಿದಿರುತ್ತದೆ. ಫೆಬ್ರವರಿ ಬಂದರೆ ಫ್ರಾನ್ಸಿನ ಶಾಲೆಗಳಿಗೆ ಚಳಿಗಾಲದ ರಜೆ. ಆಗ ಹಿಮದ ಊರುಗಳಲ್ಲಿ ರೂಮು, ಕಾರು ಎಲ್ಲದರ ರೇಟು ಏರುತ್ತದೆ. ಪರ್ಯಾಯದ ರಾತ್ರಿ ರಥಬೀದಿ ಹತ್ತಿರ ಲಾಡ್ಜ್ ರೂಮು ಕೇಳಿದ ಹಾಗೆ. ನೀವು ಬರುವುದು ಎರಡರ ಮಧ್ಯದ ಸಮಯ. ಬೇರೇನೂ ಮಾಡದೆಯೇ ಒಂದಷ್ಟು ಹಣ ಉಳಿಯಿತು ಅಂತಲೇ ಲೆಕ್ಕ.

ಈಗ ನೀನು ಮೊನ್ನೆ ವಾಟ್ಸಾಪಿನಲ್ಲಿ ಕಳಿಸಿದ ಕಾರಿನ ವಿಷಯ. "ಜಿನೀವಾ ಏರ್‌ಪೋರ್ಟ್, ಫ್ರಾನ್ಸ್ ಸೈಡ್ ಅಂತ ಉಂಟು, ಅರ್ಧ ರೇಟು, ಬುಕ್ ಮಾಡ್ಲಾ?" ಎಂದು ಕೇಳಿದ್ದೀಯ. ಬೇಡ, ಸ್ವಲ್ಪ ನಿಲ್ಲು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಜಿನೀವಾ ವಿಮಾನ ನಿಲ್ದಾಣ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಅದರ ಬೆನ್ನಿಗೇ ಫ್ರಾನ್ಸಿನ ಗಡಿ. ಹಾಗಾಗಿ ನಿಲ್ದಾಣದ ಒಳಗೆ ಫ್ರಾನ್ಸಿನ ಕಡೆಯದು ಅಂತ ಒಂದು ಭಾಗ ಇದೆ. ಕಾರು ಬಾಡಿಗೆಗೆ ಕೊಡುವವರ ಕೌಂಟರು ಎರಡೂ ಕಡೆ ಉಂಟು. ಫ್ರಾನ್ಸ್ ಕಡೆ ರೇಟು ಕಡಿಮೆ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಸ್ವಿಸ್ ಕಡೆಯ ಕಾರಿಗೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಹಿಮದ ಟಯರು ಹಾಕಿಯೇ ಕೊಡುತ್ತಾರೆ. ಇಲ್ಲಿನ ಹೆದ್ದಾರಿಗೆ ಬೇಕಾದ ವಿನ್ಯೆಟ್ ಅನ್ನುವ ಸ್ಟಿಕ್ಕರ್ ಕೂಡ ಅಂಟಿಸಿರುತ್ತದೆ. ಫ್ರಾನ್ಸ್ ಕಡೆ ಟಯರಿಗೆ ಬೇರೆ ದುಡ್ಡು, ಹಿಮದಲ್ಲಿ ಚಕ್ರಕ್ಕೆ ಸುತ್ತುವ ಚೈನಿಗೆ ಬೇರೆ ದುಡ್ಡು, ವಿನ್ಯೆಟ್ ಇಲ್ಲ. ವಿನ್ಯೆಟ್‌ಗೆ 40 ಫ್ರಾಂಕ್. ಒಂದು ದಿನಕ್ಕೆ, ಒಂದು ವಾರಕ್ಕೆ ಅಂತ ಸಿಗುವುದಿಲ್ಲ, ತೆಗೆದುಕೊಂಡರೆ ವರ್ಷದ್ದೇ. ಇಲ್ಲದೆ ಹೆದ್ದಾರಿ ಹತ್ತಿ ಸಿಕ್ಕಿಬಿದ್ದರೆ ದಂಡ 200 ಫ್ರಾಂಕ್, ಮೇಲೆ ವಿನ್ಯೆಟ್ಟಿನ 40.

ಇದೆಲ್ಲ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಆಗ ನಿಮಗೆ ಹೇಳಲಿಲ್ಲ, ಅಮ್ಮ ಹೆದರುತ್ತಾರೆ ಅಂತ. ಕಳೆದ ಜನವರಿಯಲ್ಲಿ ಲಂಡನ್ನಿನಿಂದ ನನ್ನ ಗೆಳತಿ ಬಂದಿದ್ದಳಲ್ಲ, ಈ ಸಲ ನಾವು ಹೋಗುವ ಫ್ರಾನ್ಸಿನ ಹಿಮದ ಊರು ಶಮೊನಿಗೇ ಹೋಗಿದ್ದೆವು. ಅವಳು ಇದೇ ಥರ ಫ್ರಾನ್ಸ್ ಕಡೆಯ ಕಾರು ಬುಕ್ ಮಾಡಿದ್ದಳು, 3 ದಿನಕ್ಕೆ 110 ಯೂರೋ. ಕೌಂಟರಿಗೆ ಹೋದರೆ ಹಿಮದ ಟಯರಿನ ಕಾರು ಎಲ್ಲ ಮುಗಿದಿದೆ ಅಂದರು. "ಚೈನ್ ತೆಗೆದುಕೊಳ್ಳಿ, ಕಾನೂನಿಗೆ ಅಷ್ಟು ಸಾಕು" ಅಂದರು. ಚೈನು, ಪೂರ್ತಿ ಇನ್ಶೂರೆನ್ಸ್, ಇನ್ನೊಬ್ಬ ಡ್ರೈವರ್ ಅಂತ ನನ್ನ ಹೆಸರು, ಎಲ್ಲ ಸೇರಿ ಬಿಲ್ಲು 270 ದಾಟಿತು. ಹಿಂದೆ ಜನ ಸಾಲು ನಿಂತಿದ್ದರು. ಸುಮ್ನೆ ಸಹಿ ಹಾಕಿದೆವು.

ಹಣ ಹೋದದ್ದು ಹೋಗಲಿ. ಶಮೊನಿ ಕಣಿವೆಯ ಅರ್ಜಾಂತಿಯೇರ್ ಹಳ್ಳಿ ದಾಟಿ ಅದರ ಮೇಲಿನ ಹಳ್ಳಿಗೆ ಏರುವಾಗ ಹಿಮ ಶುರುವಾಯಿತು. ಒಂದು ತಿರುವಿನಲ್ಲಿ ಮುಂದಿನ ಚಕ್ರ ನಿಂತಲ್ಲೇ ತಿರುಗತೊಡಗಿತು. ಆಮೇಲೆ ಕಾರು ನಿಧಾನಕ್ಕೆ ಹಿಂದಕ್ಕೆ ಜಾರಿತು. ಗೆಳತಿ ಬ್ರೇಕು ಪೂರ್ತಿ ಒತ್ತಿ ಹಿಡಿದಿದ್ದಳು, ಆದರೂ ಜಾರುತ್ತಲೇ ಇತ್ತು. ಶಬ್ದವೇ ಇಲ್ಲ ಅಣ್ಣ. ಆಗುಂಬೆ ಘಾಟಿಯಲ್ಲಿ ಮಳೆಗೆ ಟಯರು ಜಾರಿದರೆ ಕಿರ್ ಅಂತ ಗೊತ್ತಾಗುತ್ತದೆ, ಇಲ್ಲಿ ಅದೂ ಇಲ್ಲ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿದ್ದ ಹಿಮಕ್ಕೆ ಹಿಂದಿನ ಬಂಪರು ಒರಗಿ ನಿಂತಿತು. ಇಳಿದು ಚೈನ್ ಹಾಕಲು ಹೋದರೆ ಕೈಗವಸು ಹಾಕಿಕೊಂಡು ಕೊಕ್ಕೆ ಸಿಕ್ಕಿಸಲು ಆಗುವುದಿಲ್ಲ, ತೆಗೆದರೆ ಕಬ್ಬಿಣ ಬೆರಳಿಗೆ ಸುಟ್ಟ ಹಾಗೆ ಹಿಡಿಯುತ್ತದೆ. ಹಾಕುವ ಕ್ರಮದ ಕಾಗದ ಒದ್ದೆಯಾಗಿ ಹರಿದುಹೋಯಿತು. ವ್ಯಾನಿನಲ್ಲಿ ಬಂದ ಒಬ್ಬ ಹಿರಿಯರು ಮಂಡಿಯೂರಿ ಕೂತು, ಒಂದೂ ಮಾತಾಡದೆ, ಎರಡೂ ಚಕ್ರಕ್ಕೆ ಹಾಕಿಕೊಟ್ಟರು. ಅವರ ಕೈ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಈ ಸಲ ಅಮ್ಮ ಇರುತ್ತಾರೆ, ನಿಮ್ಮ ಪುಟ್ಟ ಚಿನ್ನು ಇರುತ್ತಾಳೆ. ಅದಕ್ಕೇ ಇಷ್ಟು ಹೇಳುತ್ತಿರುವುದು.

ಇನ್ನು ತೆಂಗಿನೆಣ್ಣೆ. ಅತ್ತಿಗೆ ಕಳಿಸಿದ ಬಾಟಲಿ ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟಿದ್ದೆ. ಎರಡೇ ದಿನಕ್ಕೆ ಕಲ್ಲಿನ ಹಾಗೆ ಗಟ್ಟಿಯಾಯಿತು, ಚಮಚದಲ್ಲಿ ಕೆರೆದು ತೆಗೆಯಬೇಕು. ಮಾಮೂಲಿ ಟಯರಿನ ರಬ್ಬರೂ ಚಳಿಗೆ ಹೀಗೇ ಬಿಗಿಯುತ್ತದೆ. ಉಷ್ಣತೆ 7 ಡಿಗ್ರಿಗಿಂತ ಕೆಳಗೆ ಹೋದರೆ ಅದಕ್ಕೆ ರಸ್ತೆಯ ಹಿಡಿತ ಕಡಿಮೆ. ಹಿಮದ ಟಯರಿನ ರಬ್ಬರು ಬೇರೆ, ಚಳಿಯಲ್ಲೂ ಮೆತ್ತಗೇ ಇರುತ್ತದೆ. ಮೈಮೇಲೆ ಸಣ್ಣ ಸಣ್ಣ ಸೀಳು ಜಾಸ್ತಿ, ಹಿಮವನ್ನು ಅದು ಕಚ್ಚಿ ಹಿಡಿಯುತ್ತದೆ. ಪಕ್ಕದಲ್ಲಿ ಗುರುತು ಇರುತ್ತದೆ, ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಫ್ರಾನ್ಸಿನ ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ ಈ ಟಯರು ಇರಬೇಕು, ಇಲ್ಲವೇ ಚೈನು ಜೊತೆಗಿರಬೇಕು. ಈ ನಿಯಮ 2021ರಿಂದ ಉಂಟು. ಬರೀ ಎಂ, ಎಸ್ ಅಂತ ಅಕ್ಷರ ಇರುವ ಟಯರು ಮೊದಲು ನಡೆಯುತ್ತಿತ್ತು, 2024ರ ನವೆಂಬರಿನಿಂದ ಅದು ಲೆಕ್ಕಕ್ಕಿಲ್ಲ. ನಾನಂತೂ ಟಯರೂ ಇರಲಿ, ಚೈನೂ ಡಿಕ್ಕಿಯಲ್ಲಿರಲಿ ಅನ್ನುತ್ತೇನೆ. ಈ ಎರಡಕ್ಕೆ ಎಷ್ಟು ಕೇಳಿದರೂ ಕೊಡೋಣ. ಉಳಿಸುವುದಕ್ಕೆ ಬೇರೆ ಜಾಗ ಬೇಕಾದಷ್ಟು ಉಂಟು.

ಮೊದಲನೆಯದು, ಏರ್‌ಪೋರ್ಟಿನಲ್ಲಿ ಕಾರು ತೆಗೆದುಕೊಳ್ಳುವುದೇ ಬೇಡ. ಏರ್‌ಪೋರ್ಟಿನ ಕೌಂಟರಿನಲ್ಲಿ ಜಾಗದ ಬಾಡಿಗೆ ಅಂತ ನಮ್ಮ ತಲೆಗೇ ಕಟ್ಟುತ್ತಾರೆ. ಬಜ್ಪೆಯಲ್ಲಿ ಇಳಿದರೆ ಉಡುಪಿಗೆ ಟ್ಯಾಕ್ಸಿ ಹುಡುಕುತ್ತೇವೆ, ಇಲ್ಲಿ ಅದು ಬೇಡ. ನಿಲ್ದಾಣಕ್ಕೆ ತಾಗಿಯೇ ರೈಲ್ವೆ ಸ್ಟೇಷನ್, ರೈಲು ಹತ್ತಿ ಕೂತರೆ ಮುಕ್ಕಾಲು ಗಂಟೆ ಚಿಲ್ಲರೆಯಲ್ಲಿ ಲೊಸಾನ್. ನಾನು ಅಲ್ಲಿಗೇ ಬಂದು ಕರೆದುಕೊಂಡು ಬರುತ್ತೇನೆ. ಶನಿವಾರ, ಭಾನುವಾರ ನಮ್ಮ ಮನೆಯಲ್ಲಿ ನಿದ್ದೆ ಮಾಡಿ, ಸರೋವರದ ಬದಿ ನಡೆದಾಡಿ ಸುಧಾರಿಸಿಕೊಳ್ಳಿ. ನಾಲ್ಕೂವರೆ ಗಂಟೆಯ ವ್ಯತ್ಯಾಸ, ಅಮ್ಮನಿಗೆ ಬೆಳಗಿನ ಜಾವವೇ ಎಚ್ಚರವಾಗುತ್ತದೆ. ಸೋಮವಾರ 26ಕ್ಕೆ ಇಲ್ಲೇ ಪೇಟೆಯೊಳಗೆ ಕಾರು ತೆಗೆದುಕೊಳ್ಳೋಣ, ಗುರುವಾರ ಅಲ್ಲಿಗೇ ಬಿಡೋಣ. ಸ್ವಿಸ್ ಕಾರು, ಟಯರು ಇದೆ, ವಿನ್ಯೆಟ್ ಇದೆ. ಇಲ್ಲಿ ವಾಸ ಇರುವ ನಾನು ಫ್ರಾನ್ಸಿನ ನಂಬರಿನ ಬಾಡಿಗೆ ಕಾರನ್ನು ಸ್ವಿಟ್ಜರ್ಲೆಂಡಿನೊಳಗೆ ಓಡಿಸುವುದಕ್ಕೆ ಕಸ್ಟಮ್ಸ್‌ನವರ ಕಟ್ಟುಪಾಡು ಬೇರೆ ಉಂಟು, ಆ ತಲೆಬಿಸಿಯೂ ತಪ್ಪುತ್ತದೆ. ಫ್ರಾನ್ಸಿಗೆ ಕೊಂಡುಹೋಗುತ್ತೇವೆ ಅಂತ ಮಾತ್ರ ಮೊದಲೇ ಹೇಳಿ ಬರೆಸಿಕೊಳ್ಳಬೇಕು.

ಬಾಡಿಗೆಯ ದಿನ ಅಂದರೆ 24 ಗಂಟೆ. ಬೆಳಿಗ್ಗೆ 10ಕ್ಕೆ ತೆಗೆದುಕೊಂಡರೆ 10ರ ಒಳಗೆ ವಾಪಸು. ಸ್ವಲ್ಪ ತಡವಾದರೂ ಇನ್ನೊಂದು ದಿನದ ಬಾಡಿಗೆ ಬೀಳಬಹುದು. ಮತ್ತೆ, ಇಡೀ ವಾರಕ್ಕೆ ಕಾರು ಯಾಕೆ? ಶಮೊನಿಯಲ್ಲಿ ನಾವು ಉಳಿದಿದ್ದ ಮನೆಯವರು ಅತಿಥಿ ಕಾರ್ಡು ಕೊಟ್ಟಿದ್ದರು. ಅದರಲ್ಲಿ ಕಣಿವೆಯ ಬಸ್ಸಿಗೆ ಟಿಕೆಟ್ ಬೇಕಾಗಲಿಲ್ಲ. ಕಾರು ಮನೆ ಮುಂದೆ ಹಿಮದಲ್ಲಿ ಮುಚ್ಚಿಹೋಗಿತ್ತು. ಮಠದ ಎದುರು ಆಟೋ ನಿಲ್ಲಿಸಿ ವೇಟಿಂಗ್ ಚಾರ್ಜ್ ಕೊಟ್ಟ ಹಾಗೆ.

ಕಾರಿನ ಮೇಲೆ ಸ್ಕೀ ಕಟ್ಟುವ ಸ್ಟ್ಯಾಂಡ್ ಬೇಡ. ಸ್ಕೀ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಚಿನ್ನುವಿಗೆ ಕೂರುವ ಸೀಟು ಬೇಕೇ ಬೇಕು, ಸ್ವಿಟ್ಜರ್ಲೆಂಡಿನಲ್ಲಿ 12 ವರ್ಷದ ಒಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಕಡ್ಡಾಯ. ಕೌಂಟರಿನಲ್ಲಿ ಅದಕ್ಕೆ ದಿನದ ಲೆಕ್ಕದಲ್ಲಿ ಹಣ. ನನ್ನ ಜೊತೆ ಕೆಲಸ ಮಾಡುವವಳ ಮಗನದ್ದು ಉಂಟು, ಆಗಲೇ ಕೇಳಿಟ್ಟಿದ್ದೇನೆ. ಪೆಟ್ರೋಲು ಪೂರ್ತಿ ತುಂಬಿಸಿ ಕೊಡುತ್ತಾರೆ, ಪೂರ್ತಿ ತುಂಬಿಸಿ ವಾಪಸು ಕೊಟ್ಟರೆ ಆಯಿತು. "ಮೊದಲೇ ದುಡ್ಡು ಕೊಡಿ, ಖಾಲಿ ತಂದುಬಿಡಿ" ಅಂದರೆ ಒಪ್ಪುವುದು ಬೇಡ.

ಇನ್ಶೂರೆನ್ಸ್ ವಿಷಯ ಸ್ವಲ್ಪ ನಿಧಾನಕ್ಕೆ ಓದು, ಜಾಸ್ತಿ ಹಣ ಹೋಗುವುದು ಇಲ್ಲೇ. ಬಾಡಿಗೆಯಲ್ಲಿ ಇನ್ಶೂರೆನ್ಸ್ ಸೇರಿರುತ್ತದೆ. ಆದರೂ ಕಾರಿಗೆ ಏನಾದರೂ ಆದರೆ ಇಂತಿಷ್ಟು ಮೊತ್ತದ ತನಕ ನಮ್ಮ ಕೈಯಿಂದಲೇ. ಅದಕ್ಕೆ ಎಕ್ಸೆಸ್ ಅನ್ನುತ್ತಾರೆ, ಸಾವಿರ ಯೂರೋ ದಾಟುವುದು ಅಪರೂಪವಲ್ಲ. ಅದೂ ಬೇಡ ಅಂದರೆ ದಿನಕ್ಕೆ ಇಷ್ಟು ಕೊಡಿ ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಇದೇ ರಕ್ಷಣೆಯನ್ನು ಬೇರೆ ಇನ್ಶೂರೆನ್ಸ್ ಕಂಪನಿಯಿಂದ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ತೆಗೆದುಕೊಂಡರೆ ಸಾಮಾನ್ಯವಾಗಿ ತುಂಬಾ ಅಗ್ಗ. ಗಾಜು, ಟಯರು, ಕಾರಿನ ಅಡಿಭಾಗ ಸೇರಿದೆಯಾ ಅಂತ ನೋಡಬೇಕು, ಹಿಮದಲ್ಲಿ ಪೆಟ್ಟಾಗುವುದು ಅವಕ್ಕೇ. ಒಂದೇ ತೊಂದರೆ, ಏನಾದರೂ ಆದರೆ ಮೊದಲು ನಾವು ಕಟ್ಟಿ, ಆಮೇಲೆ ಆ ಕಂಪನಿಯಿಂದ ವಾಪಸು ಪಡೆಯಬೇಕು. ಮತ್ತೆ ಕೌಂಟರಿನವರು ಡೆಪಾಸಿಟ್ ಅಂತ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಡುತ್ತಾರೆ. ಡೆಬಿಟ್ ಕಾರ್ಡು ಎಷ್ಟೋ ಕಡೆ ನಡೆಯುವುದಿಲ್ಲ. ಕಾರ್ಡಿನ ಹೆಸರೂ ಕಾರು ಓಡಿಸುವವರ ಹೆಸರೂ ಒಂದೇ ಇರಬೇಕು. ಅದಕ್ಕೇ ನನ್ನ ಹೆಸರಲ್ಲೇ ಬುಕ್ ಮಾಡುತ್ತೇನೆ. ನೀನು ಬೇರೆ ಕಡೆ ಕಾರ್ಡು ಕೊಡುವಾಗ "ರೂಪಾಯಿಯಲ್ಲಾ, ಫ್ರಾಂಕಿನಲ್ಲಾ" ಅಂತ ಮೆಷಿನ್ ಕೇಳಿದರೆ ಫ್ರಾಂಕ್ ಒತ್ತು. ರೂಪಾಯಿ ಒತ್ತಿದರೆ ಅವರು ಹೇಳಿದ ರೇಟಿಗೆ ನಾವು ಬದ್ಧ.

ಕೀ ಕೈಗೆ ಬಂದ ಮೇಲೆ ಐದು ನಿಮಿಷ ನಿನ್ನ ಕೆಲಸ. ಅಂಡರ್‌ಗ್ರೌಂಡ್ ಪಾರ್ಕಿಂಗಿನ ಮಂದ ಬೆಳಕಿನಲ್ಲಿ ಗೀರು ಕಾಣುವುದಿಲ್ಲ, ಟಾರ್ಚು ಹಾಕಿ ಸುತ್ತಲೂ ವಿಡಿಯೋ ತೆಗೆ. ನಾಲ್ಕೂ ಚಕ್ರದ ರಿಮ್ಮು, ಮುಂದಿನ ಗಾಜು, ಬಂಪರಿನ ಕೆಳಗೆ, ಪೆಟ್ರೋಲಿನ ಮುಳ್ಳು. ಇದ್ದ ಗೀರೆಲ್ಲ ಅವರ ಕಾಗದದಲ್ಲಿ ಬರೆಸು. ಟಯರಿನ ಬೆಟ್ಟದ ಗುರುತನ್ನು ಮಾತ್ರ ನಾನೇ ನೋಡುತ್ತೇನೆ. ಇಲ್ಲದಿದ್ದರೆ ಕಾರೇ ಬೇಡ, ಇಲ್ಲಿನ ಮಾರ್ತಿನ್ಯಿ ಅನ್ನುವ ಊರಿನಿಂದ ಶಮೊನಿಗೆ ಬೆಟ್ಟ ಹತ್ತುವ ಸಣ್ಣ ರೈಲು ಉಂಟು, ಅದರಲ್ಲೇ ಹೋಗೋಣ.

ನಿನಗೆ ಓಡಿಸುವ ಆಸೆ ಎಷ್ಟಿದೆ ಅಂತ ನನಗೆ ಗೊತ್ತು. ಆಗುಂಬೆಯ 14 ತಿರುವು ಮಳೆಗಾಲದಲ್ಲಿ ಇಳಿಸಿದ ಕೈ ನಿನ್ನದು. ಆದರೂ ಈ ಸಲ ಬೇಡ ಅಣ್ಣ. ಸ್ಟೇರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ, ಅದರ ಮೇಲೆ ಹಿಮ. ಇನ್ನೊಬ್ಬ ಡ್ರೈವರಿನ ಹೆಸರು ಸೇರಿಸಿದರೆ ಅದಕ್ಕೂ ದಿನದ ಬಾಡಿಗೆ. ಬೇಸಿಗೆಯಲ್ಲಿ ಇನ್ನೊಮ್ಮೆ ಬಾ, ಸರೋವರದ ಸುತ್ತ ಪೂರ್ತಿ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಅದಕ್ಕೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಬೇಕು. ಒಂದೇ ವರ್ಷ ನಡೆಯುವುದು, ಈಗಲೇ ಮಾಡಿಸಿ ಹಾಳು ಮಾಡಬೇಡ.

ಅತ್ತಿಗೆ, ಅಮ್ಮನಿಗೆ ಉಣ್ಣೆಯ ಕಾಲುಚೀಲ ಅಲ್ಲಿ ಹುಡುಕಬೇಡಿ, ನಾನು ತೆಗೆದಿಟ್ಟಿದ್ದೇನೆ. ಒಂದು ಕೆಲಸ ಮಾತ್ರ ಈ ವಾರ ಆಗಬೇಕು. ಸ್ಕೀ ಬೂಟಿನ ಅಳತೆ ಇಲ್ಲಿ ಪಾದದ ಉದ್ದದ ಸೆಂಟಿಮೀಟರಿನಲ್ಲಿ. ಮೊದಲೇ ಆನ್‌ಲೈನಿನಲ್ಲಿ ಹೇಳಿಟ್ಟರೆ ಅಂಗಡಿಗಿಂತ ಕಡಿಮೆಗೆ ಸಿಗುತ್ತದೆ. ಒಂದು ಉದಯವಾಣಿ ಹಾಸಿ, ಅದರ ಮೇಲೆ ಚಿನ್ನುವನ್ನು ನಿಲ್ಲಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯ ತನಕ ಗೆರೆ ಎಳೆಯಿರಿ. ಅಣ್ಣನದೂ ನಿಮ್ಮದೂ ಅದೇ ಪೇಪರಿನಲ್ಲಿ ಇರಲಿ. ಸ್ಕೇಲು ಪಕ್ಕಕ್ಕಿಟ್ಟು ಫೋಟೋ ತೆಗೆದು ಕಳಿಸಿ.

ಅಮ್ಮನಿಗೆ ನಮಸ್ಕಾರ, ಚಿನ್ನುವಿಗೆ ಮುತ್ತು.

ನಿಮ್ಮ ಪ್ರೀತಿಯ ತಂಗಿ