ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಏನಿತ್ತು ಅಂತ ಕೇಳು

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ಮೊದಲ ಕೊಲೆ ಕೇಸು ಬಂದಿದೆ, ಬಿದ್ದಿರುವುದು ಚಾಕುವಿನ ಒಂದೇ ಇರಿತ, ಕೊಲ್ಲುವ ಉದ್ದೇಶ ಇರಲಿಲ್ಲ ಅಂತ ವಾದಿಸಿದರೆ ಸಾಕಲ್ವಾ ಅಂತ ಬರೆದಿದ್ದೀಯ. ಸಾಕಾಗುವುದಿಲ್ಲ ಕಂದಾ. ಅದೊಂದನ್ನೇ ನಂಬಿಕೊಂಡು ಕೋರ್ಟಿಗೆ ಹೋಗಬೇಡ.

ಸುಪ್ರೀಂ ಕೋರ್ಟಿನ 1958ರ ವಿರ್ಸಾ ಸಿಂಗ್ ತೀರ್ಪನ್ನು ಇವತ್ತೇ ಓದು, ಸಾರಾಂಶ ಅಲ್ಲ, ಪೂರ್ತಿ. ಅಲ್ಲೂ ಹೊಟ್ಟೆಗೆ ಈಟಿಯ ಒಂದೇ ತಿವಿತ. ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ನೋಡಿದ್ದು ಸಾಯಿಸಬೇಕು ಅಂತಿದ್ದನಾ ಅನ್ನುವುದನ್ನಲ್ಲ, ಆ ಗಾಯವನ್ನು ಬೇಕಂತಲೇ ಮಾಡಿದನಾ ಅಥವಾ ಆಕಸ್ಮಿಕವಾಗಿ ಆಯಿತಾ ಅನ್ನುವುದನ್ನು. ಬೇಕಂತಲೇ ಮಾಡಿದ್ದು ಅಂತಾದ ಮೇಲೆ, ಸಾಮಾನ್ಯವಾಗಿ ಅಂಥ ಗಾಯದಿಂದ ಮನುಷ್ಯ ಸಾಯುತ್ತಾನಾ ಅಂತ ಡಾಕ್ಟರ ಸಾಕ್ಷ್ಯ ಇಟ್ಟುಕೊಂಡು ಅಳೆಯುತ್ತಾರೆ, ಅದು ಆರೋಪಿಗೆ ಗೊತ್ತಿತ್ತೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಿನ್ನ ಪಾಟೀಸವಾಲು ಅದಕ್ಕೂ ಮೊದಲೇ ಶುರುವಾಗಬೇಕು. ತಳ್ಳಾಟ ನಡೆದಿತ್ತಾ? ಸತ್ತವನು ಆ ಕ್ಷಣ ಬಗ್ಗಿದನಾ, ತಿರುಗಿದನಾ? ಚಾಕು ಮನೆಯಿಂದ ತಂದದ್ದಾ, ಅಲ್ಲೇ ಕೈಗೆ ಸಿಕ್ಕಿದ್ದಾ? ಇರಿದವನು ಓಡಿದನಾ, ಆಟೋ ಕರೆದನಾ? ಮನಸ್ಸಿಗೆ ಮಹಜರು ಮಾಡುವುದಕ್ಕಾಗುವುದಿಲ್ಲ, ಜಡ್ಜ್ ಅದನ್ನು ಇಂಥವುಗಳಿಂದಲೇ ಊಹಿಸಬೇಕು.

ಉದ್ದೇಶ ಬೇರೆ, ಇದರಿಂದ ಸಾವು ಬರಬಹುದು ಅನ್ನುವ ಅರಿವು ಬೇರೆ ಅನ್ನುವುದನ್ನೂ ಮರೆಯಬೇಡ. ಕೊಲೆಯಲ್ಲದ ನರಹತ್ಯೆ ಅಂತ ಕೇಸು ಇಳಿದರೆ, ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂನಲ್ಲಿ ಉದ್ದೇಶ ಇದ್ದವನಿಗೆ ಜೀವಾವಧಿಯವರೆಗೂ ಆಗಬಹುದು, ಬರೀ ಅರಿವಿದ್ದವನಿಗೆ ಹೆಚ್ಚೆಂದರೆ 10 ವರ್ಷ. ಘಟನೆ 2024ರ ಜುಲೈ 1ಕ್ಕಿಂತ ಮುಂಚಿನದಾದರೆ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 304ನೇ ಕಲಂ, ದಿನಾಂಕ ನೋಡಿಕೋ.

ಕುಡಿದಿದ್ದ ಅನ್ನುವುದನ್ನು ದೊಡ್ಡ ಅಸ್ತ್ರ ಅಂದುಕೊಳ್ಳಬೇಡ. 1956ರ ಬಾಸ್‌ದೇವ್ ಪ್ರಕರಣದಲ್ಲಿ, ಮದುವೆ ಮನೆಯಲ್ಲಿ ಜಾಗ ಬಿಡಲಿಲ್ಲ ಅಂತ ಹುಡುಗನಿಗೆ ಗುಂಡು ಹಾರಿಸಿದವನನ್ನು ಅಮಲು ಉಳಿಸಲಿಲ್ಲ.

ಆದರೆ ಮನಸ್ಸು ನಿಜವಾಗಿ ನಿರ್ದೋಷಿಯಾಗಿದ್ದರೆ ಕಾನೂನು ಕೇಳಿಸಿಕೊಳ್ಳುತ್ತದೆ, ಇದು ನನ್ನ ಗಟ್ಟಿ ನಂಬಿಕೆ. ಒಡಿಶಾದ ರಾಮ್ ಬಹಾದುರ್ ಥಾಪಾ ಕೇಸು ನೋಡು. ರಸಗೋವಿಂದಪುರದ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ರಾತ್ರಿ ಬೆಳಕು ಅಲುಗಾಡುವುದು ಕಂಡು, ದೆವ್ವ ಅಂತಲೇ ನಂಬಿ, ನೇಪಾಳಿ ಕತ್ತಿ ಖುಕ್ರಿ ಬೀಸಿದ. ಅವರು ಲಾಟೀನು ಹಿಡಿದು ಹಿಪ್ಪೆ ಹೂವು ಆರಿಸಲು ಬಂದ ಹೆಂಗಸರು. ಒಬ್ಬಳು ಸತ್ತಳು, ಇನ್ನು ಕೆಲವರಿಗೆ ಗಾಯವಾಯಿತು. ಸದ್ಭಾವನೆಯಿಂದ ಆದ ತಪ್ಪು ತಿಳುವಳಿಕೆ ಅಂತ ಐಪಿಸಿ 79ರ ಅಡಿ ಅವನು ಬಿಡುಗಡೆಯಾದ. ಸತ್ತವಳ ಮನೆಯವರನ್ನು ನೆನೆದರೆ ಸಂಕಟವಾಗುತ್ತದೆ, ಆದರೂ ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ.

ಈ ವಾರ ಜೈಲಿಗೆ ಹೋಗಿ ನಿನ್ನ ಕಕ್ಷಿದಾರನ ಹತ್ತಿರ ಮಾತಾಡು. ಉತ್ತರವನ್ನು ನೀನೇ ಅವನ ಬಾಯಿಗೆ ಹಾಕಬೇಡ, ಅವನೇ ಹೇಳಲಿ, ಎಷ್ಟು ಹೊತ್ತಾದರೂ ಕೂತು ಕೇಳು. ಆಮೇಲೆ ಮರಣೋತ್ತರ ಪರೀಕ್ಷೆಯ ವರದಿ ಇಟ್ಟುಕೊಂಡು ಡಾಕ್ಟರಿಗೆ ಕೇಳುವ ಪ್ರಶ್ನೆಗಳನ್ನು ಬರೆದು ನನಗೆ ಕಳಿಸು, ಒಂದೊಂದನ್ನೂ ನೋಡುತ್ತೇನೆ.

ನಿನ್ನ ಮಾವ