ಭೂತಾನ್ ಕೈಪಿಡಿ ಮುಗಿಯಿತು: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಭೂತಾನದ ವಿದೇಶಾಂಗ ವ್ಯವಹಾರದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ತರಬೇಕೆಂದು ಹೊರಟ ಕೆಲಸ ಮುಗಿದಿದೆ. ಪ್ರತಿಗಳು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ಕೈ ಸೇರಿವೆ. ರಕ್ಷಾಪುಟದ ಮೇಲೆ ಸಂಪಾದಕ ಬಳಗ ಅಂತ ಇದ್ದರೂ ಒಳಗೆ ಗಟ್ಟಿಯಾಗಿರುವುದು ಬಹುಪಾಲು ಬೇರೆಯವರ ದುಡಿಮೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು. ಹಾಗಾಗಿ ಯಾರಿಂದ ಯಾವ ಉಪಕಾರವಾಯಿತು ಎನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇವೆ.

ಮೊದಲ ನಮಸ್ಕಾರ ಒಪ್ಪಂದಗಳನ್ನು ಕಲಮು ಕಲಮಾಗಿ ಓದಿಸಿದ ಕಾನೂನು ಮೇಷ್ಟರಿಗೆ. ಭಾರತ ಹೇಳಿದ್ದಕ್ಕೆ ತಲೆಯಾಡಿಸುವ ದೇಶ ಭೂತಾನ್ ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೇಷ್ಟರು ವಾದ ಮಾಡಲಿಲ್ಲ, ನಾಲ್ಕು ಒಪ್ಪಂದಗಳನ್ನು ಪಕ್ಕಪಕ್ಕ ಇಟ್ಟರು. ದುವಾರ್ ಯುದ್ಧದಲ್ಲಿ ಸೋತ ಭೂತಾನ್ 1865ರ ಸಿಂಚುಲಾ ಒಪ್ಪಂದದಲ್ಲಿ ತಪ್ಪಲಿನ ಫಲವತ್ತಾದ ನೆಲವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಬದಲಿಗೆ ವರ್ಷಕ್ಕೆ 50 ಸಾವಿರ ರೂಪಾಯಿಯವರೆಗೆ ಪಡೆಯುವುದೆಂದಾಯಿತು. 1910ರ ಪುನಾಖಾ ಒಪ್ಪಂದದಲ್ಲಿ ಆ ಮೊತ್ತ 1 ಲಕ್ಷಕ್ಕೇರಿತು. ಒಳಾಡಳಿತಕ್ಕೆ ಬ್ರಿಟಿಷರು ಕೈ ಹಾಕುವುದಿಲ್ಲ, ಹೊರಗಿನ ವ್ಯವಹಾರದಲ್ಲಿ ಮಾತ್ರ ಭೂತಾನ್ ಅವರ ಸಲಹೆಯಂತೆ ನಡೆಯಬೇಕು ಎಂಬ ಕಲಮು ಸೇರಿತು. ಸ್ವತಂತ್ರ ಭಾರತ 1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಸಹಿ ಹಾಕಿದಾಗ ಈ ಕಲಮು ಎರಡನೇ ವಿಧಿಯಾಗಿ ಮುಂದುವರಿಯಿತು. ಹಣ 5 ಲಕ್ಷವಾಯಿತು, ದೇವಾಂಗಿರಿಯ ಸುಮಾರು 32 ಚದರ ಮೈಲಿ ನೆಲ ಭೂತಾನಕ್ಕೆ ಮರಳಿತು. 2007ರ ಫೆಬ್ರವರಿ 8ರ ಪರಿಷ್ಕೃತ ಒಪ್ಪಂದದಲ್ಲಿ ಸಲಹೆಯ ಮಾತು ಇಲ್ಲ. ರಾಷ್ಟ್ರೀಯ ಹಿತಾಸಕ್ತಿಯ ವಿಷಯಗಳಲ್ಲಿ ಪರಸ್ಪರ ಸಹಕರಿಸುವುದು, ಒಬ್ಬರ ನೆಲವನ್ನು ಇನ್ನೊಬ್ಬರ ಭದ್ರತೆಗೆ ಕೇಡಾಗುವಂತೆ ಬಳಸಲು ಬಿಡದಿರುವುದು, ಇಷ್ಟೇ.

ಮೇಷ್ಟರು ನಿಂತು ನೋಡಿ ಅಂದದ್ದು 1949ಕ್ಕೂ 2007ಕ್ಕೂ ನಡುವೆ. ಆ ಕಲಮನ್ನು ಮುಟ್ಟದೆಯೇ ಭೂತಾನ್ 1962ರಲ್ಲಿ ಕೊಲಂಬೊ ಯೋಜನೆ ಸೇರಿತು, 1969ರಲ್ಲಿ ಜಾಗತಿಕ ಅಂಚೆ ಒಕ್ಕೂಟ ಸೇರಿತು. ತಾಂತ್ರಿಕ ನೆರವು, ಅಂಚೆಚೀಟಿ ಅಂದರೆ ಯಾರು ತಾನೇ ತಕರಾರು ತೆಗೆದಾರು? ಹಾಗೆ ನೆಲ ಹದ ಮಾಡಿಕೊಂಡು 1971ರ ಸೆಪ್ಟೆಂಬರ್ 21ರಂದು, ಭಾರತದ ಬೆಂಬಲದಿಂದಲೇ, ವಿಶ್ವಸಂಸ್ಥೆಯ ಸದಸ್ಯ ದೇಶವಾಯಿತು. ಅದೇ ಡಿಸೆಂಬರ್ 6ರಂದು ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. 1973ರಲ್ಲಿ ಅಲಿಪ್ತ ಚಳವಳಿ ಸೇರಿತು. 2007ರಲ್ಲಿ ಕಾಗದ ತಿದ್ದುವ ಹೊತ್ತಿಗೆ ಭಾರತ ಬಿಟ್ಟುಕೊಡಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಹಳೆಯ ಅಕ್ಷರಗಳಿಗಾಗಿ ಜಗಳಕ್ಕೆ ನಿಲ್ಲದೆ ರೂಢಿಯನ್ನು ಮೊದಲು ಬದಲಿಸಿಕೊಂಡ ಈ ಕ್ರಮವೇ ಇಡೀ ಕೈಪಿಡಿಯ ಬೆನ್ನೆಲುಬಾಯಿತು. ಶಸ್ತ್ರಾಸ್ತ್ರ ಆಮದಿನ ವಿಧಿಯಲ್ಲೂ ಇದೇ ಜಾಡು ಕಾಣುತ್ತದೆ: 1949ರಲ್ಲಿ ಭಾರತದ ನೆರವು ಮತ್ತು ಒಪ್ಪಿಗೆ ಎರಡೂ ಬೇಕಿತ್ತು, 2007ರಲ್ಲಿ ಉದ್ದೇಶ ಸ್ನೇಹಪರವಾಗಿದೆ, ಭಾರತಕ್ಕೆ ಅಪಾಯವಿಲ್ಲ ಎಂದು ಮನವರಿಕೆಯಾದರೆ ಸಾಕು.

ಭೂಪಟ ಬಿಡಿಸಿಕೊಟ್ಟ ಸರ್ವೆ ಇಲಾಖೆಯ ನಿವೃತ್ತ ಅಧಿಕಾರಿಗೆ ಎಷ್ಟು ಕೈಮುಗಿದರೂ ಕಡಿಮೆ. ಭಾರತ, ಭೂತಾನ್, ಚೀನಾ ಗಡಿ ಕೂಡುವ ಕಡೆಯ ವಿವಾದಿತ ಎತ್ತರದ ನೆಲ ಡೋಕ್ಲಾಮ್ ಎಂದರೆ ಒಂದು ಚುಕ್ಕಿ ಇಟ್ಟು ಮುಗಿಸುವ ಪುಸ್ತಕಗಳೇ ಹೆಚ್ಚು. ಇವರು ಮೂರು ದೇಶಗಳ ಗಡಿ ಕೂಡುವ ಜಾಗ ಎಲ್ಲಿ ಎಂಬ ತಕರಾರಿನಿಂದಲೇ ಶುರುಮಾಡಿದರು. ಭಾರತ ಮತ್ತು ಭೂತಾನದ ಪ್ರಕಾರ ಅದು ಬಟಾಂಗ್ ಲಾ. ಚೀನಾದ ಪ್ರಕಾರ ಅಲ್ಲಿಂದ ಕೆಲವು ಕಿಲೋಮೀಟರ್ ದಕ್ಷಿಣಕ್ಕಿರುವ ಗಿಪ್‌ಮೋಚಿ. ಈ ಎರಡರ ನಡುವಿನ ನೆಲ ಯಾರದೆಂಬುದರ ಮೇಲೆ ದಕ್ಷಿಣದ ಜಂಫೇರಿ ಬೆಟ್ಟಸಾಲಿಗೆ ಯಾರು ರಸ್ತೆ ಎಳೆಯಬಹುದು ಎನ್ನುವುದು ನಿಂತಿದೆ. ಆ ಸಾಲು ಏರಿದವರಿಗೆ ಸಿಲಿಗುರಿ ಕಡೆಯ ಬಯಲು ಕಣ್ಣಳತೆಯಲ್ಲಿ ಸಿಗುತ್ತದೆ. ಈಶಾನ್ಯ ಭಾರತವನ್ನು ಉಳಿದ ದೇಶಕ್ಕೆ ಜೋಡಿಸುವ ಆ ಪಟ್ಟಿ ಅತಿ ಕಿರಿದಾದ ಕಡೆ ಸುಮಾರು 22 ಕಿಲೋಮೀಟರ್. ಭೂತಾನಕ್ಕೆ ಅಷ್ಟೇನೂ ಬೆಲೆಯಿಲ್ಲದ ಹುಲ್ಲುಗಾವಲು ಭಾರತಕ್ಕೆ ಏಕೆ ಜೀವದ ಪ್ರಶ್ನೆ ಎನ್ನುವುದು ಈ ಒಂದು ಪುಟದಲ್ಲಿ ಅರ್ಥವಾಗುತ್ತದೆ. ಸ್ಥಳನಾಮಗಳ ಉಚ್ಚಾರ ಸರಿಪಡಿಸಿಕೊಟ್ಟ ಬೈಲುಕುಪ್ಪೆಯ ಭೂತಾನಿ ಭಿಕ್ಷುಗಳಿಗೂ ಇಲ್ಲೇ ವಂದನೆ.

ಚೀನಾ ಅಧ್ಯಾಯದ ಕರಡು ತಿದ್ದಿದವರು ದೆಹಲಿಯಲ್ಲಿ ಬಹುಕಾಲ ವರದಿಗಾರರಾಗಿದ್ದ ಹಿರಿಯರು. ಅವರ ಒತ್ತಾಯದ ಮೇರೆಗೆ 2017ರ ಜೂನ್ 29ರಂದು ಭೂತಾನದ ವಿದೇಶಾಂಗ ಸಚಿವಾಲಯ ಹೊರಡಿಸಿದ ಪುಟ್ಟ ಹೇಳಿಕೆಗೆ ಪ್ರತ್ಯೇಕ ಜಾಗ ಕೊಟ್ಟೆವು. ಜೂನ್ 16ರಂದು ಚೀನಾ ಸೇನೆ ಡೋಕ್ಲಾಮ್‌ನ ಡೋಕೊಲಾದಿಂದ ಜೋಂಪೆಲ್ರಿಯ (ಮೇಲೆ ಹೇಳಿದ ಜಂಫೇರಿಯ) ಭೂತಾನ್ ಸೇನಾ ಶಿಬಿರದ ಕಡೆಗೆ ರಸ್ತೆ ಹಾಕಲು ತೊಡಗಿತು. ಇದು ಗಡಿಯಲ್ಲಿ ಯಥಾಸ್ಥಿತಿ ಕಾಯುವುದೆಂದು ಚೀನಾ ಜೊತೆ ಆಗಿದ್ದ 1988 ಮತ್ತು 1998ರ ಒಪ್ಪಂದಗಳ ಉಲ್ಲಂಘನೆ. ಜೂನ್ 16ಕ್ಕೆ ಮುಂಚಿನ ಸ್ಥಿತಿ ಮರಳಬೇಕು. ಇಷ್ಟು ಹೇಳಿ ಮುಗಿಸಿದ್ದಾರೆ. ಭಾರತದ ಸೈನಿಕರು ಅಲ್ಲಿಗೆ ಬಂದು ನಿಂತಿದ್ದ ಸಮಯ ಅದು. ಹೇಳಿಕೆಯಲ್ಲಿ ಭಾರತದ ಹೆಸರೇ ಇಲ್ಲ. ಕರೆಸಿಕೊಂಡೆವು ಅಂದಿದ್ದರೆ ಚೀನಾದ ಕಣ್ಣು ಕೆಂಪಾಗುತ್ತಿತ್ತು, ಕರೆಯಲಿಲ್ಲ ಅಂದಿದ್ದರೆ ಭಾರತದ ಕಾಲಡಿಯ ನೆಲ ಕುಸಿಯುತ್ತಿತ್ತು. ಆಗಸ್ಟ್ 28ರಂದು ಎರಡೂ ಸೇನೆಗಳು ಹಿಂದೆ ಸರಿಯುವವರೆಗೆ ಭೂತಾನ್ ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಅಂಜಿಕೆ ಎಂದು ಇದನ್ನು ನಮ್ಮ ಟಿವಿಗಳು ಜರೆದವು. ನಮಗೆ ಅದು ಅಳೆದು ತೂಗಿದ ಕೆಲಸವಾಗಿ ಕಾಣುತ್ತದೆ.

ಚೀನಾದ ಜೊತೆ ಭೂತಾನಕ್ಕೆ ರಾಜತಾಂತ್ರಿಕ ಸಂಬಂಧವೇ ಇಲ್ಲ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರ ಜೊತೆಗೂ ಇಲ್ಲ; ಒಬ್ಬರಿಗೆ ಬಾಗಿಲು ತೆರೆದರೆ ಉಳಿದವರೂ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಹಾಗಿದ್ದರೂ ಮಾತುಕತೆ ನಿಂತಿಲ್ಲ. ಪತ್ರಗಳು ದೆಹಲಿಯಲ್ಲಿರುವ ಎರಡೂ ದೇಶಗಳ ರಾಯಭಾರ ಕಚೇರಿಗಳ ಮೂಲಕ ಹೋಗಿ ಬರುತ್ತವೆ. ಗಡಿ ಮಾತುಕತೆ 1984ರಲ್ಲಿ ಆರಂಭವಾಗಿ 2016ರ ಹೊತ್ತಿಗೆ 24 ಸುತ್ತು ಮುಗಿದಿತ್ತು. 25ನೆಯದು ನಡೆದದ್ದು 2023ರ ಅಕ್ಟೋಬರ್‌ನಲ್ಲಿ, ಬೀಜಿಂಗ್‌ನಲ್ಲಿ. ನಡುವೆ ತಜ್ಞರ ಗುಂಪು ಬೇರೆಯಾಗಿ ಸೇರುತ್ತದೆ, ಅದರ ಕೆಳಗೆ ಈಗ ಜಂಟಿ ತಾಂತ್ರಿಕ ತಂಡವೂ ಇದೆ. 1996ರಲ್ಲಿ ಚೀನಾ ಮುಂದಿಟ್ಟ ಅದಲುಬದಲು ಹೀಗಿತ್ತು: ಉತ್ತರದ ಪಸಮ್‌ಲುಂಗ್ ಮತ್ತು ಜಕರ್‌ಲುಂಗ್ ಕಣಿವೆಗಳ 495 ಚದರ ಕಿಲೋಮೀಟರ್ ನಿಮಗಿರಲಿ, ಪಶ್ಚಿಮದ 269 ಚದರ ಕಿಲೋಮೀಟರ್ ನಮಗೆ ಕೊಡಿ. ನೆಲದ ಲೆಕ್ಕದಲ್ಲಿ ಲಾಭವೇ. ಆದರೆ ಆ 269ರಲ್ಲಿ ಡೋಕ್ಲಾಮ್ ಇದೆ. ಭೂತಾನ್ ಒಪ್ಪಲಿಲ್ಲ, ಆಗುವುದಿಲ್ಲವೆಂದು ಬಾಗಿಲು ಮುಚ್ಚಲೂ ಇಲ್ಲ. 2021ರ ಅಕ್ಟೋಬರ್ 14ರಂದು ಮೂರು ಹಂತಗಳ ಮಾರ್ಗಸೂಚಿಗೆ ಸಹಿ ಹಾಕಿತು. ಹೊರಗೆ ತಿಳಿದಿರುವಂತೆ ಮೊದಲು ಮೇಜಿನ ಮೇಲೆ ಗೆರೆ ಒಪ್ಪಬೇಕು, ಆಮೇಲೆ ಸ್ಥಳಕ್ಕೆ ಹೋಗಿ ನೋಡಬೇಕು, ಕೊನೆಗೆ ಗುರುತು ಹಾಕಬೇಕು.

ಈ ನಿಧಾನಕ್ಕೆ ಬೆಲೆ ಇಲ್ಲದಿಲ್ಲ. ಮಾತು ಎಳೆದಷ್ಟೂ ವಿವಾದಿತ ಕಣಿವೆಗಳಲ್ಲಿ ಚೀನಾದ ರಸ್ತೆ, ಮನೆಗಳು ಏಳುತ್ತಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ. 2020ರಲ್ಲಿ ಪೂರ್ವದ ಸಕ್ತೆಂಗ್ ವನ್ಯಧಾಮಕ್ಕೆ ಅಂತರರಾಷ್ಟ್ರೀಯ ಪರಿಸರ ನಿಧಿಯ ಹಣ ಕೇಳಿದಾಗ, ಅದೂ ವಿವಾದಿತ ಎಂದು ಚೀನಾ ಎದ್ದು ನಿಂತಿತು. ಅಷ್ಟೂ ಸುತ್ತುಗಳ ಮಾತುಕತೆಯಲ್ಲಿ ಆ ಜಾಗದ ಪ್ರಸ್ತಾಪವೇ ಬಂದಿಲ್ಲ ಎಂಬುದು ಭೂತಾನದ ಉತ್ತರ.

ಅದೇ ಹಿರಿಯರು ಬಿಡಬೇಡಿ ಅಂದ ಇನ್ನೊಂದು ಪ್ರಕರಣ 2012–13ರದು. ಆಗಿನ ಪ್ರಧಾನಿ ಜಿಗ್ಮೆ ಥಿನ್ಲೆ ಅವರ ಸರ್ಕಾರ ಸಂಬಂಧಗಳ ಪಟ್ಟಿಯನ್ನು ಭರದಿಂದ 53 ದೇಶಗಳಿಗೆ ಬೆಳೆಸಿತು. 2012ರ ಜೂನ್‌ನಲ್ಲಿ ರಿಯೊ ಸಮಾವೇಶದ ವೇಳೆ ಥಿನ್ಲೆ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಅವರನ್ನು ಭೇಟಿಯಾದರು. ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೂ ಭೂತಾನ್ ಸ್ಪರ್ಧಿಸಿತು, 20 ಮತ ಬಿತ್ತು. ಸಂಬಂಧ ಬೆಳೆಸಿದ ದೇಶಗಳ ಅರ್ಧದಷ್ಟು ಮತವೂ ಇಲ್ಲ! ಮರುವರ್ಷ ಜುಲೈ ಚುನಾವಣೆಯ ಹೊಸ್ತಿಲಲ್ಲಿ ಅಡುಗೆ ಅನಿಲ, ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಭೂತಾನದ ಪಂಚವಾರ್ಷಿಕ ಯೋಜನೆಯ ಅವಧಿ ಜೂನ್ ಕೊನೆಗೆ ಮುಗಿದದ್ದೇ ಕಾರಣ ಎಂಬುದು ದೆಹಲಿಯ ವಿವರಣೆ. ಥಿಂಪುವಿನ ಅಡುಗೆಮನೆಗಳಲ್ಲಿ ಅದನ್ನು ನಂಬಿದವರು ಕಡಿಮೆ. ಸರ್ಕಾರ ಬದಲಾಯಿತು, ಸಬ್ಸಿಡಿ ಮರಳಿತು. ಮುಂದಿನ ಪ್ರಧಾನಿಗಳು ಹೊಸ ಸಂಬಂಧಗಳಿಗೆ ಅವಸರಪಡಲಿಲ್ಲ. 2020ರ ಕೊನೆಗೆ ಜರ್ಮನಿ, ಇಸ್ರೇಲ್ ಸೇರಿದವು, ಎರಡಕ್ಕೂ ಸಹಿ ಬಿದ್ದದ್ದು ದೆಹಲಿಯಲ್ಲೇ.

ಜಲವಿದ್ಯುತ್ ಲೆಕ್ಕ ಬಿಡಿಸಿಕೊಟ್ಟ ಇಂಜಿನಿಯರ್ ಅವರನ್ನು ನೆನೆಯದಿದ್ದರೆ ಆ ಅಧ್ಯಾಯಕ್ಕೆ ಅರ್ಥವಿಲ್ಲ. 336 ಮೆಗಾವ್ಯಾಟ್‌ನ ಚುಖಾ ಯೋಜನೆಗೆ ಭಾರತ ಕೊಟ್ಟದ್ದರಲ್ಲಿ ಶೇ 60 ಅನುದಾನ, ಶೇ 40 ಸಾಲ, ಬಡ್ಡಿ ಶೇ 5. 2019ರಲ್ಲಿ ಉದ್ಘಾಟನೆಯಾದ 720 ಮೆಗಾವ್ಯಾಟ್‌ನ ಮಾಂಗ್ದೆಛುವಿನಲ್ಲಿ ಶೇ 30 ಅನುದಾನ, ಶೇ 70 ಸಾಲ, ಬಡ್ಡಿ ಶೇ 10. ನೂರು ರೂಪಾಯಿ ಯೋಜನೆ ಅಂದುಕೊಳ್ಳಿ: ಮೊದಲನೆಯದರಲ್ಲಿ ವರ್ಷದ ಬಡ್ಡಿ 2 ರೂಪಾಯಿ, ಎರಡನೆಯದರಲ್ಲಿ 7. ಕಟ್ಟುವುದು ತಡವಾದರೆ ಬಡ್ಡಿ ಅಸಲಿಗೆ ಸೇರುತ್ತದೆ. 1200 ಮೆಗಾವ್ಯಾಟ್‌ನ ಪುನತ್ಸಾಂಗ್‌ಛು–1ರಲ್ಲಿ ಆದದ್ದು ಅದೇ: ಕೆಲಸ ಶುರುವಾದದ್ದು 2008ರಲ್ಲಿ, 2013ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜಾರಿತು, ಅಲ್ಲಿಂದ ಖರ್ಚು ಏರುತ್ತಲೇ ಹೋಯಿತು. ದೊಡ್ಡ ಜಲಾಶಯವಿಲ್ಲದೆ ಹರಿಯುವ ನೀರನ್ನೇ ನಂಬಿದ ಘಟಕಗಳಾದ್ದರಿಂದ ಚಳಿಗಾಲದಲ್ಲಿ ಹೊಳೆ ಸೊರಗಿದಾಗ ಉತ್ಪಾದನೆ ಕುಸಿಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಮಾರುವ ದೇಶ ಜನವರಿಯಲ್ಲಿ ಅದೇ ಭಾರತದಿಂದ ಕೊಳ್ಳುತ್ತದೆ. ಹಾಗಾಗಿ ಯೂನಿಟ್ ದರದ ಚೌಕಾಶಿ ಗಡಿ ಮಾತುಕತೆಯಷ್ಟೇ ಬಿಗಿ. ಮಾಂಗ್ದೆಛುವಿಗೆ ಯೂನಿಟ್‌ಗೆ 4.12 ರೂಪಾಯಿ ಪಡೆದದ್ದು ಭೂತಾನದ ಮಟ್ಟಿಗೆ ಒಳ್ಳೆಯ ಗೆಲುವು ಎಂದು ಇಂಜಿನಿಯರ್ ಅಭಿಪ್ರಾಯ, ನಮ್ಮದೂ ಅದೇ.

ಭೂತಾನ್ ಗಡಿಗೆ ಅಂಟಿಕೊಂಡ ಪಶ್ಚಿಮ ಬಂಗಾಳದ ಜೈಗಾಂವ್ ಕಡೆಯ ಸರಕು ಸಾಗಣೆದಾರರು ಫೋನಿನಲ್ಲೇ ತಾಳ್ಮೆಯಿಂದ ಸಾಗಣೆಯ ದಾರಿ ಹೇಳಿಕೊಟ್ಟರು. ಬೇರೆ ದೇಶದ ಸರಕು ಕೋಲ್ಕತ್ತಾ ಬಂದರಿಗೆ ಬಂದು, ಸೀಲ್ ಹಾಕಿಸಿಕೊಂಡು, ಭಾರತದ ನೆಲ ದಾಟಿ ಭೂತಾನದ ಗಡಿ ಪಟ್ಟಣ ಫುಂಟ್‌ಶೋಲಿಂಗ್ ತಲುಪಬೇಕು. ಕಾಗದದಲ್ಲಿರುವ ಸೀಲ್ ನಂಬರೂ ಕಂಟೇನರಿನದೂ ಹೊಂದದಿದ್ದರೆ ಲಾರಿ ಅಲ್ಲೇ ನಿಲ್ಲುತ್ತದೆ. ಬಾಂಗ್ಲಾದೇಶಕ್ಕೆ ಕಲ್ಲುಬಂಡೆ, ಕಿತ್ತಳೆ ಕಳಿಸಬೇಕೆಂದರೂ ಬಹುಪಾಲು ಚಂಗ್ರಾಬಾಂಧಾ ಗಡಿ ಠಾಣೆಯ ಮೂಲಕ ಭಾರತದ ರಸ್ತೆಯೇ ಗತಿ. ಬಾಂಗ್ಲಾದೇಶದ ಜೊತೆಗಿನ ಆದ್ಯತಾ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಲು 2020ರ ಡಿಸೆಂಬರ್ 6ನ್ನು, ಅಂದರೆ 1971ರ ಮಾನ್ಯತೆಯ ದಿನವನ್ನೇ ಆರಿಸಿಕೊಂಡದ್ದು ಸೊಗಸು. ಇನ್ನೊಂದು ಕಡೆ, ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಈ ನಾಲ್ಕು ದೇಶಗಳ ವಾಹನ ಸಂಚಾರ ಒಪ್ಪಂದಕ್ಕೆ 2015ರಲ್ಲಿ ಥಿಂಪುವಿನಲ್ಲೇ ಸಹಿಯಾದರೂ ಭೂತಾನದ ಮೇಲ್ಮನೆ ಅದನ್ನು ತಿರಸ್ಕರಿಸಿತು. ಹೊರಗಿನ ಲಾರಿಗಳು ಕಿರಿದಾದ ಬೆಟ್ಟದ ರಸ್ತೆಗಳನ್ನು ತುಂಬಿಬಿಡುತ್ತವೆ ಎಂಬ ಅಳುಕು ದೊಡ್ಡದಿತ್ತು. ಉಳಿದ ಮೂವರು ಮುಂದುವರಿಯಿರಿ ಎಂದು ಹೇಳಿ ಭೂತಾನ್ ಬದಿಗೆ ಸರಿಯಿತು.

ಕರಡು ಓದಿದ ಇಬ್ಬರು ಅಧ್ಯಾಪಕಿಯರಿಗೆ ವಿಶೇಷ ಕೃತಜ್ಞತೆ. ಲ್ಹೋತ್ಶಾಂಪಾ, ಅಂದರೆ ದಕ್ಷಿಣ ಭೂತಾನದ ನೇಪಾಳಿ ಮೂಲದ ಜನರ ಅಧ್ಯಾಯವಿಲ್ಲದೆ ಪುಸ್ತಕ ಹೊರಬರಬಾರದು ಎಂದು ಅವರು ಪಟ್ಟು ಹಿಡಿದರು. 1985ರ ಪೌರತ್ವ ಕಾಯ್ದೆ, 1988ರ ಜನಗಣತಿ, 1958ರ ವಾಸದ ದಾಖಲೆ ಕೊಡಿ ಎಂಬ ಪಟ್ಟು, ಎಲ್ಲ ಸೇರಿ ಈ ಜನರಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಪೂರ್ವ ನೇಪಾಳದ ಝಾಪಾ, ಮೊರಂಗ್ ಶಿಬಿರ ಸೇರಿದರು. 1993ರಿಂದ ನೇಪಾಳದ ಜೊತೆ ಸಚಿವರ ಮಟ್ಟದ ಸುತ್ತುಗಳು ನಡೆದವು. ಖುದುನಾಬಾರಿ ಎಂಬ ಒಂದೇ ಶಿಬಿರದ ಪರಿಶೀಲನೆ ಮುಗಿದು, ಜನರನ್ನು ನಾಲ್ಕು ವರ್ಗವಾಗಿ ವಿಂಗಡಿಸಿದ ಫಲಿತಾಂಶ ಬಂದದ್ದು 2003ರಲ್ಲಿ. ಇದು ಅವರಿಬ್ಬರ ನಡುವಿನ ವಿಷಯ ಎಂದು ಭಾರತ ದೂರ ನಿಂತಿತು. ಮರಳಿ ಹೋಗುವ ದಾರಿ ತೆರೆಯಲಿಲ್ಲ. 2007ರಿಂದ ಬಹುಪಾಲು ಕುಟುಂಬಗಳು ಅಮೆರಿಕ ಮತ್ತಿತರ ದೇಶಗಳಿಗೆ ಹೋದವು. ಚೀನಾದ ಎದುರು ಗುರಾಣಿಯಾದ ಅದೇ ನಿಧಾನ ಇಲ್ಲಿ ನಿರಾಶ್ರಿತರ ಮೇಲೆ ಬಿದ್ದ ಬೀಗ. ಭೂತಾನವನ್ನು ಹೊಗಳುವ ಬರಹಗಳು ಈ ಪುಟವನ್ನು ಹಾರಿಸಿಬಿಡುತ್ತವೆ, ಆ ಅಧ್ಯಾಪಕಿಯರ ದೆಸೆಯಿಂದ ನಮ್ಮದು ಹಾರಿಸಲಿಲ್ಲ.

ಅಕ್ಷರ ಜೋಡಿಸಿದವರಿಗೆ, ಕರಡು ತಿದ್ದಿದವರಿಗೆ, ಗ್ರಂಥಾಲಯದ ಹಳೇ ಸಂಪುಟಗಳನ್ನು ಹುಡುಕಿಕೊಟ್ಟವರಿಗೆ, ಮುದ್ರಣಕ್ಕೆ ಕೈಯಿಂದ ಹಣ ಹಾಕಿದವರಿಗೆ ವಂದನೆಗಳು. ಮರುಮುದ್ರಣದಲ್ಲಿ ಅಸ್ಸಾಮಿನ ಕೊಕ್ರಾಝಾರ್ ಮತ್ತು ಭೂತಾನದ ಗೆಲೆಫು ನಡುವಿನ 69 ಕಿಲೋಮೀಟರ್ ರೈಲು ಮಾರ್ಗದ ಬಗ್ಗೆ ಒಂದು ಅಧ್ಯಾಯ ಸೇರಿಸುವ ಯೋಚನೆಯಿದೆ. ಗಡಿಯಲ್ಲಿ ಸುಂಕದ ತಪಾಸಣೆ ಯಾರದು, ಸರಕು ಬೋಗಿಗೆ ಸೀಲ್ ಎಲ್ಲಿ ಬೀಳುತ್ತದೆ ಎಂಬುದನ್ನು ಬಲ್ಲ ರೈಲ್ವೆಯವರು ಯಾರಾದರೂ ಇದ್ದರೆ ದಯವಿಟ್ಟು ಸಂಪಾದಕ ಬಳಗಕ್ಕೆ ಬರೆಯಿರಿ.